ತಾಯಿ ಕಾರ್ಡಿನಲ್ಲಿರುವ ಒಂದು ತಾರೀಕು

ಪ್ರಶ್ನೆ: ಮೇಡಂ, ನನಗೆ ಇಬ್ಬರು ಮಕ್ಕಳು. ಮಗನಿಗೆ ಐದು ವರ್ಷ, ಆಟಿಸಂ ಇದೆ. ಮೊದಲು ಅಪ್ಪ, ಅಜ್ಜಿ, ಬೌಬೌ ಅಂತೆಲ್ಲ ಹೇಳುತ್ತಿದ್ದ. ಹದಿನೇಳನೇ ತಿಂಗಳಿನಲ್ಲಿ ಎರಡನೇ ಎಂಆರ್ (ದಡಾರ–ರುಬೆಲ್ಲಾ) ಸೂಜಿ ಹಾಕಿಸಿದೆ. ನಾನೇ ಎತ್ತಿಕೊಂಡು ಹೋಗಿದ್ದೆ. ಆಮೇಲೆ ಒಂದೊಂದೇ ಮಾತು ನಿಂತುಹೋಯಿತು. ಈಗ ಮಗಳಿಗೆ ಒಂಬತ್ತು ತಿಂಗಳು ತುಂಬಿ ಹತ್ತು ದಿನ ಆಯಿತು, ಮೊದಲ ಎಂಆರ್ ಹಾಕಿಸುವ ಸಮಯ. ನಮ್ಮೂರ ಅಂಗನವಾಡಿಯಲ್ಲಿ ಗುರುವಾರ ಸೂಜಿ ಹಾಕುತ್ತಾರೆ. ಆಶಾ ಅಕ್ಕ ಎರಡು ಸಲ ಬಂದು ಕರೆದರು, ಪಾಪುಗೆ ನೆಗಡಿ ಅಂತ ಸುಳ್ಳು ಹೇಳಿ ಕಳಿಸಿದೆ. 'ಒಂದು ಮಗೂಗೆ ಹೀಗಾಗಿದ್ದು ಸಾಕು, ಇದನ್ನಾದರೂ ಉಳಿಸಿಕೋ' ಅನ್ನುತ್ತಾರೆ ಅತ್ತೆ. ಟೆಕ್ಸಾಸ್‌ನಲ್ಲಿರುವ ಮೈದುನ ವಾಟ್ಸಾಪಿನಲ್ಲಿ ಏನೇನೋ ಕಳಿಸುತ್ತಾನೆ, ಸೂಜಿಯಿಂದ ಆಟಿಸಂ ಬರುತ್ತೆ ಅಂತ ಅಮೆರಿಕದ ಸರ್ಕಾರವೇ ಒಪ್ಪಿಕೊಂಡಿದೆ ಅಂತಾನೆ. ಯಜಮಾನರು ಬಾಯೇ ಬಿಡುವುದಿಲ್ಲ. ತವರಿಗೆ ಹೋದಾಗ ಗುಟ್ಟಾಗಿ ಹಾಕಿಸಿಬಿಡಲಾ? ಅಥವಾ ಬೇಡವೇ ಬೇಡವಾ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಹಾಕಿಸಿ. ಗುಟ್ಟಾಗಿ ಬೇಡ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಕಾಗದ ತುಂಬ ಉದ್ದವಿತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಪೂರ್ತಿ ಕಾಗದದಲ್ಲಿ 'ನಾನೇ ಎತ್ತಿಕೊಂಡು ಹೋಗಿದ್ದೆ' ಅನ್ನೋ ಮಾತು ಮೂರು ಕಡೆ ಬಂದಿದೆ. ಹಾಗಾಗಿ ಮಗಳ ಸೂಜಿಗಿಂತ ಮೊದಲು ಮಗನ ವಿಷಯ ಮಾತಾಡೋಣ.

ಮಗು ಮೊದಲ ಸಲ 'ಅಜ್ಜಿ' ಅಂದ ದಿನ ಯಾವುದು, ನೆನಪಿದೆಯಾ? ಆ ಮಾತು ನಿಂತ ದಿನ ಯಾವುದು? ಯಾವ ಅಮ್ಮನೂ ಬರೆದಿಟ್ಟುಕೊಂಡಿರುವುದಿಲ್ಲ. ಅದು ಒಂದು ದಿನದಲ್ಲಿ ಆಗುವಂಥದ್ದೂ ಅಲ್ಲ. ಸೂಜಿ ಹಾಕಿಸಿದ ದಿನ ಮಾತ್ರ ತಾಯಿ ಕಾರ್ಡಿನಲ್ಲಿ ನೀಲಿ ಶಾಯಿಯಲ್ಲಿ ಇರುತ್ತದೆ. ಆ ಇಡೀ ವರ್ಷದಲ್ಲಿ ನಿಮ್ಮ ಕೈಗೆ ಸಿಗುವ ತಾರೀಕು ಅದೊಂದೇ. ಮನಸ್ಸು ಕಾರಣ ಹುಡುಕುತ್ತ ಹೋದಾಗ ಎಡವುವುದೂ ಅದರ ಮೇಲೇ.

ಇದು ನಿಮಗೊಬ್ಬರಿಗೇ ಆದದ್ದಲ್ಲ. ಜಗತ್ತಿನ ತುಂಬ ಈ ಭಯ ಹಬ್ಬಿದ್ದೂ ಹೀಗೆಯೇ. 1998ರಲ್ಲಿ ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಅವನ ಜೊತೆಯವರು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರಲ್ಲಿದ್ದದ್ದು ಬರೀ 12 ಮಕ್ಕಳು. ಎಲ್ಲರೂ ಮೊದಲು ಚೆನ್ನಾಗಿದ್ದರು, ಅವರಲ್ಲಿ ಹೆಚ್ಚಿನವರಿಗೆ ಎಂಎಂಆರ್ (ಎಂಆರ್ ಜೊತೆ ಮಂಗನಬಾವಿನದ್ದೂ ಸೇರಿದ) ಸೂಜಿಯಾದ ಕೆಲವೇ ದಿನಗಳಲ್ಲಿ ತೊಂದರೆ ಶುರುವಾಯಿತು ಅನ್ನುವ ಹಾಗೆ ಅದರಲ್ಲಿತ್ತು. ಬ್ರಯಾನ್ ಡೀರ್ ಎಂಬ ಪತ್ರಕರ್ತ ವರ್ಷಗಟ್ಟಲೆ ಬೆನ್ನು ಹತ್ತಿ ಆ ಮಕ್ಕಳ ಆಸ್ಪತ್ರೆ ದಾಖಲೆಗಳ ಜೊತೆ ತಾಳೆ ನೋಡಿದ. ಐದು ಮಕ್ಕಳ ಬೆಳವಣಿಗೆಯ ಬಗ್ಗೆ ಸೂಜಿಗೆ ಮೊದಲೇ ಅನುಮಾನ ಬರೆದಿಟ್ಟಿತ್ತು! ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ದುಡ್ಡು ತೆಗೆದುಕೊಂಡಿದ್ದೂ ಬಯಲಾಯಿತು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನವನ್ನು ವಾಪಸ್ ಪಡೆಯಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದರು. ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು. ಆ 12 ಮಕ್ಕಳ ಕಥೆ ಈಗ ನಿಮ್ಮ ಹಾಸನದ ಅಡುಗೆಮನೆಯ ತನಕ ಬಂದಿದೆ ನೋಡಿ.

ಹಾಗಾದರೆ ನನ್ನ ಮಗನಿಗೆ ಆದದ್ದೇನು ಅಂತ ಕೇಳುತ್ತೀರಿ. ಆಟಿಸಂ ಇರುವ ಕೆಲವು ಮಕ್ಕಳು ಒಂದೂವರೆ ವರ್ಷದ ಆಸುಪಾಸಿನಲ್ಲಿ ಕಲಿತ ಮಾತು ಬಿಡುತ್ತಾರೆ. ಸೂಜಿ ಹಾಕಿಸಿದವರಲ್ಲೂ ಉಂಟು, ಹಾಕಿಸದವರಲ್ಲೂ ಉಂಟು. ಎರಡನೇ ಎಂಆರ್ ಕೊಡುವುದು ಹದಿನಾರರಿಂದ ಇಪ್ಪತ್ನಾಲ್ಕನೇ ತಿಂಗಳೊಳಗೆ. ಎರಡೂ ಒಂದೇ ಕಾಲಕ್ಕೆ ಬರುತ್ತವೆ, ಅಷ್ಟೆ. 2013ರಲ್ಲಿ ಅಮೆರಿಕದ ಅಟ್ಲಾಂಟಾದ ಸಂಶೋಧಕರು ಪುಟ್ಟ ಮಕ್ಕಳ ನೋಟವನ್ನು ಎರಡನೇ ತಿಂಗಳಿನಿಂದ ಯಂತ್ರ ಇಟ್ಟು ಅಳೆಯುತ್ತ ಬಂದದ್ದನ್ನು ಪ್ರಕಟಿಸಿದರು. ಮುಂದೆ ಆಟಿಸಂ ಅಂತ ಗೊತ್ತಾದ ಮಕ್ಕಳಲ್ಲಿ, ಎದುರಿನವರ ಕಣ್ಣು ನೋಡುವುದು ಎರಡರಿಂದ ಆರು ತಿಂಗಳೊಳಗೇ ಇಳಿಯುತ್ತ ಬಂದಿತ್ತು. ಆಗಿನ್ನೂ ಯಾವ ಎಂಆರ್ ಸೂಜಿಯೂ ಆಗಿರುವುದಿಲ್ಲ. ಇದು ಮನೆಯಲ್ಲಿ ಯಾರ ಕಣ್ಣಿಗೂ ಬೀಳುವ ಬದಲಾವಣೆ ಅಲ್ಲ. ಹಾಗಾಗಿ 'ನಾನು ಗಮನಿಸಬೇಕಿತ್ತು' ಅಂತ ಹೊಸದೊಂದು ಸಂಕಟ ಶುರು ಮಾಡಿಕೊಳ್ಳಬೇಡಿ.

ಈಗ ಮಗಳ ವಿಷಯ. 'ಬೇರೆ ಮಕ್ಕಳಿಗೆ ಏನೂ ಆಗಲ್ಲ ಮೇಡಂ, ನಮ್ಮ ಮನೆ ರಕ್ತದಲ್ಲೇ ಏನೋ ಇದ್ದರೆ?' ಅಂತ ಬರೆದಿದ್ದೀರಿ. ಒಳ್ಳೆಯ ಪ್ರಶ್ನೆ. ಇದನ್ನೇ ಕೇಳಿಕೊಂಡು ಲೆಕ್ಕ ಹಾಕಿದವರಿದ್ದಾರೆ. ಡೆನ್ಮಾರ್ಕಿನಲ್ಲಿ 1999ರಿಂದ 2010ರವರೆಗೆ ಹುಟ್ಟಿದ 6,57,461 ಮಕ್ಕಳನ್ನು ನೋಡಿ 2019ರಲ್ಲಿ ವರದಿ ಕೊಟ್ಟರು. ಎಂಎಂಆರ್ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಆಟಿಸಂನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳನ್ನು ಬೇರೆಯಾಗಿಯೇ ನೋಡಿದರು, ಅವರಲ್ಲೂ ಕಾಣಲಿಲ್ಲ. ಅಮೆರಿಕದ 2015ರ ಅಧ್ಯಯನವಂತೂ ನಿಮ್ಮ ಮನೆಯಂಥ ಮನೆಗಳನ್ನು ನೋಡಲೆಂದೇ ಮಾಡಿದ್ದು. ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದ 1,929 ಮಕ್ಕಳು ಅದರಲ್ಲಿದ್ದರು. ಸೂಜಿಯಿಂದ ಅವರಿಗೂ ಅಪಾಯ ಹೆಚ್ಚಲಿಲ್ಲ. ಆ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಸೂಜಿ ಹಾಕಿಸಿದ್ದು ಬೇರೆ ಮನೆಗಳಿಗಿಂತ ಕಡಿಮೆ ಇತ್ತು. ನೆಗಡಿ ಅಂತ ಸುಳ್ಳು ಹೇಳುವ ಅಮ್ಮಂದಿರು ಅಲ್ಲೂ ಇದ್ದಿರಬೇಕು!

ಮೈದುನನ ಮೆಸೇಜಿಗೂ ಉತ್ತರ ಬೇಕಲ್ಲ. ಅಮೆರಿಕದ ಸಿಡಿಸಿ ಎಂಬ ಸರ್ಕಾರಿ ಸಂಸ್ಥೆ ತನ್ನ ವೆಬ್‌ಸೈಟಿನ ಮಾತನ್ನು 2025ರ ನವೆಂಬರಿನಲ್ಲಿ ಬದಲಿಸಿದ್ದು ನಿಜ. 'ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎನ್ನಲು ಸಾಕಷ್ಟು ಆಧಾರವಿಲ್ಲ' ಅನ್ನುವ ಅರ್ಥದಲ್ಲಿ ಬರೆದರು. ಬರುತ್ತದೆ ಅಂತ ತೋರಿಸಿದ ಹೊಸ ಅಧ್ಯಯನವೇನೂ ಅದರ ಹಿಂದೆ ಇರಲಿಲ್ಲ. ಅಲ್ಲಿನ ಆರೋಗ್ಯ ಖಾತೆಗೆ ಬಂದಿದ್ದ ಹೊಸ ಮಂತ್ರಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ವರ್ಷಗಳಿಂದ ಲಸಿಕೆಗಳ ಮೇಲೆ ಅನುಮಾನ ಹುಟ್ಟಿಸುತ್ತ ಬಂದವರು. ಅಲ್ಲಿನ ಮಕ್ಕಳ ವೈದ್ಯರ ಸಂಘ ಇದನ್ನು ಗಟ್ಟಿಯಾಗಿಯೇ ವಿರೋಧಿಸಿತು. ಅದೇ ವರ್ಷ ಮೈದುನ ಇರುವ ಟೆಕ್ಸಾಸ್‌ನಲ್ಲೇ ದಡಾರ ಎದ್ದು 700ಕ್ಕೂ ಹೆಚ್ಚು ಜನರಿಗೆ ಹಬ್ಬಿತು. ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಸೂಜಿ ಆಗಿರಲಿಲ್ಲ. ಮುಂದಿನ ಸಲ ಫೋನ್ ಬಂದಾಗ ಮೈದುನನನ್ನು ಒಂದೇ ಮಾತು ಕೇಳಿ: 'ನಿನ್ನ ಮಕ್ಕಳಿಗೆ ಹಾಕಿಸಿದ್ದೀಯಾ?' ಉತ್ತರ ಏನು ಬಂತು ಅಂತ ನನಗೂ ಬರೆಯಿರಿ, ಸುಮ್ಮನೆ ಕುತೂಹಲ.

ಸೂಜಿಯಲ್ಲಿ ಪಾದರಸ ಇದೆ ಅಂತ ಕಳಿಸಿದ್ದಾನಲ್ಲ, ಅದು ಎಂಆರ್ ಸೂಜಿಗೆ ಹೊಂದುವುದೇ ಇಲ್ಲ. ಅದರಲ್ಲಿ ಪಾದರಸ ಹಾಕುವುದಿಲ್ಲ. ಈ ಗಾಳಿಸುದ್ದಿಗಳೂ ಹೊಸದಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ಎಂಆರ್ ಹಾಕಿದಾಗಲೂ ವಾಟ್ಸಾಪ್ ಹೀಗೇ ಕುದಿದಿತ್ತು.

ನಿಮ್ಮ ಅತ್ತೆಗೆ 'ದಡಾರ' ಅಂದರೆ ಹೊಳೆಯದಿರಬಹುದು. 'ಗೊಬ್ಬರ' ಅನ್ನಿ, ಗೊತ್ತಾಗುತ್ತದೆ. ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಕಾಲ ಕಂಡವರಿರಬೇಕು ಅವರು. ಆಗ ಊರಲ್ಲಿ ಯಾವ್ಯಾವ ಮನೆಯ ಮಗು ಹೋಯಿತು ಅಂತ ಕೇಳಿ ನೋಡಿ. ನಾನು ಹೇಳುವುದಕ್ಕಿಂತ ಅವರ ಬಾಯಿಂದಲೇ ಬಂದರೆ ಒಳ್ಳೆಯದು. ಸೂಜಿ ಆಗದ ಹತ್ತು ಜನ ಗೊಬ್ಬರ ಎದ್ದವರ ಹತ್ತಿರ ಸುಳಿದಾಡಿದರೆ ಒಂಬತ್ತು ಜನಕ್ಕೆ ತಗಲುತ್ತದೆ. ನ್ಯುಮೋನಿಯಾ ಆಗಬಹುದು. ಮೆದುಳಿಗೆ ಏರಬಹುದು. ಎಂಆರ್‌ನಲ್ಲಿ 'ಆರ್' ಅಂದರೆ ರುಬೆಲ್ಲಾ. ಬಸುರಿಯರಿಗೆ ರುಬೆಲ್ಲಾ ಬಂದರೆ ಮಗು ಕಿವುಡಾಗಿಯೋ ಕುರುಡಾಗಿಯೋ ಹುಟ್ಟಬಹುದು. ಅಮೆರಿಕದಲ್ಲಿ 1964–65ರಲ್ಲಿ ರುಬೆಲ್ಲಾ ಹಬ್ಬಿದ ಮೇಲೆ ಹಾಗೆ ಹುಟ್ಟಿದ ಮಕ್ಕಳಲ್ಲಿ ಆಟಿಸಂ ಕೂಡ ತುಂಬ ಜಾಸ್ತಿ ಕಂಡುಬಂತು. ಆಟಿಸಂ ತರುತ್ತದೆ ಅಂತ ನಾವು ಹೆದರುವ ಸೂಜಿಯೇ ಆಟಿಸಂನ ಒಂದು ಕಾರಣವನ್ನು ತಡೆಯುತ್ತದೆ.

ಇನ್ನು ಒಂದು ಮಾತನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಣ್ಣನಿಗೆ ಆಟಿಸಂ ಇದ್ದರೆ, ಬೆನ್ನಿಗೆ ಹುಟ್ಟಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದು ಬರಬಹುದು. ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಸೂಜಿ ಹಾಕಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದನ್ನು ನಾನು ಮುಚ್ಚಿಟ್ಟು, ನಾಳೆ ಅಕಸ್ಮಾತ್ ಹಾಗೇನಾದರೂ ಆದರೆ, ಇಡೀ ಮನೆ ನಿಮ್ಮ ಕಡೆ ಬೆರಳು ತೋರಿಸುತ್ತದೆ. ಅದಕ್ಕೇ ಈಗಲೇ ಯಜಮಾನರಿಗೂ ಅತ್ತೆಗೂ ಇದನ್ನು ಹೇಳಿಬಿಡಿ. ಮತ್ತೆ, ಸೂಜಿಗೆ ಮುಂಚೆಯೇ ಪುಟ್ಟಿ ಈಗ ಏನೇನು ಮಾಡುತ್ತಾಳೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿ. ಹೆಸರು ಕರೆದರೆ ತಿರುಗುತ್ತಾಳಾ, ನಕ್ಕರೆ ನಗುತ್ತಾಳಾ, ಬಾಬಾ ದಾದಾ ಅನ್ನುತ್ತಾಳಾ. ತಿಂಗಳು ತಿಂಗಳು ಬರೆಯಿರಿ. ಆಗ ನಿಮ್ಮ ಮನೆಯಲ್ಲಿ ಸೂಜಿಯದ್ದೊಂದೇ ತಾರೀಕು ಇರುವುದಿಲ್ಲ. ಮಗನನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತೀರಲ್ಲ, ಮುಂದಿನ ಸಲ ಇವಳನ್ನೂ ಅಲ್ಲಿ ತೋರಿಸಿ. ಏನಾದರೂ ಇದ್ದರೂ ಬೇಗ ಗೊತ್ತಾದಷ್ಟು ಸಹಾಯ ಬೇಗ ಶುರುವಾಗುತ್ತದೆ. ಮಗನಿಗೆ ಮೂರು ವರ್ಷ ಆಗುವ ತನಕ ಕಾದಿದ್ದಿರಿ, ಇವಳಿಗೆ ಅಷ್ಟು ಕಾಯಬೇಕಿಲ್ಲ.

ಗುಟ್ಟು ಯಾಕೆ ಬೇಡ ಅಂದೆ? ಈ ಸೂಜಿಯ ಜ್ವರ ಅವತ್ತೇ ಬರುವುದು ಕಡಿಮೆ. ಐದರಿಂದ ಹನ್ನೆರಡು ದಿನದೊಳಗೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೈಮೇಲೆ ಸ್ವಲ್ಪ ಗುಳ್ಳೆಯೂ ಏಳಬಹುದು. ಅಷ್ಟರಲ್ಲಿ ನೀವು ತವರಿಂದ ವಾಪಸ್ ಬಂದಿರುತ್ತೀರಿ, ಅತ್ತೆಯ ಕಣ್ಣೆದುರೇ ಮಗುವಿನ ಮೈ ಸುಡುತ್ತಿರುತ್ತದೆ. ಆಗ ಸತ್ಯ ಹೇಳಿದರೆ ಯಾರೂ ನಂಬಲ್ಲ. ತೀರಾ ಅಪರೂಪಕ್ಕೆ ಜ್ವರದ ಜೊತೆ ಫಿಟ್ಸ್ ಬರುವುದೂ ಉಂಟು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಯಾವ ಸೂಜಿ, ಯಾವತ್ತು ಆಯಿತು ಅನ್ನುವುದು ಮನೆಯವರಿಗೆ ಗೊತ್ತಿದ್ದರೆ ಒಳ್ಳೆಯದು.

ಯಜಮಾನರ ಮೌನವನ್ನು ನೀವು ಬೇಡ ಅಂತ ಅರ್ಥ ಮಾಡಿಕೊಂಡಿದ್ದೀರಿ. ನನಗೆ ಹಾಗನಿಸುವುದಿಲ್ಲ. 'ಹಾಕಿಸು' ಅಂದರೆ ಹೊಣೆ ತನ್ನ ತಲೆ ಮೇಲೆ ಬೀಳುತ್ತದೆ ಅನ್ನುವ ಭಯ ಇರಬಹುದು. ಕೇಳಬೇಡಿ, ಹೇಳಿ. 'ಬರುವ ಗುರುವಾರ ಹಾಕಿಸುತ್ತಿದ್ದೇನೆ, ನೀವೂ ಬನ್ನಿ' ಅನ್ನಿ. ಬಂದರೆ ಮಗುವನ್ನು ಅವರ ಕೈಗೇ ಕೊಡಿ, ಈ ಸಲ ಅವರೇ ಎತ್ತಿಕೊಳ್ಳಲಿ. ಬರದಿದ್ದರೆ ನೀವೇ ಹೋಗಿ. ನಿಮ್ಮ ಒಪ್ಪಿಗೆ ಸಾಕು. ಅಣ್ಣನಿಗೆ ಆಟಿಸಂ ಇದೆ ಅಂತ ಆಶಾ ಅಕ್ಕನಿಗೂ ನರ್ಸಿಗೂ ಹೇಳಿ, ಸೂಜಿಗೆ ಅದು ಅಡ್ಡಿಯಲ್ಲ. ನೆಗಡಿಯ ಸುಳ್ಳನ್ನು ಒಪ್ಪಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು, ಅವರು ಅಂಥದ್ದು ಬೇಕಾದಷ್ಟು ಕೇಳಿರುತ್ತಾರೆ. ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಮಗನನ್ನು ಅವತ್ತು ಕರೆದುಕೊಂಡು ಹೋಗಬೇಡಿ. ಮಕ್ಕಳ ಅಳು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ ಅಂತ ಬರೆದಿದ್ದೀರಿ. ರಾತ್ರಿ ಅಜ್ಜಿಯ ಸೆರಗು ಹಿಡಿದರೆ ಮಾತ್ರ ಮಲಗುತ್ತಾನೆ ಅಂತಲೂ ಬರೆದಿದ್ದೀರಿ. ಅತ್ತೆಯ ಹತ್ತಿರ ಬಿಟ್ಟು ಹೋಗಿ.