ಪ್ರಾಗ್‌ನಲ್ಲಿ ಮೊದಲ ದಿನ: ಎಷ್ಟು ನೋಡಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ನಾವು ದಂಪತಿ ಮೊದಲ ಬಾರಿಗೆ ಯುರೋಪಿಗೆ ಹೊರಟಿದ್ದೇವೆ. ಪ್ರಾಗ್‌ನಲ್ಲಿ ಮೂರು ದಿನ ಇರುತ್ತೇವೆ. ಬೆಳಿಗ್ಗೆ ಇಳಿದ ದಿನವೇ ಕೋಟೆ, ಸೇತುವೆ, ಗಡಿಯಾರ, ಯಹೂದಿಗಳ ಕೇರಿ ಎಲ್ಲವನ್ನೂ ಮುಗಿಸಬೇಕೆಂಬುದು ನನ್ನ ಪತಿಯ ಲೆಕ್ಕಾಚಾರ. ಗೊತ್ತುಗುರಿಯಿಲ್ಲದೆ ಬೀದಿ ಸುತ್ತಬೇಕೆಂಬುದು ನನ್ನ ಆಸೆ. ಯಾರ ಮಾತು ನಡೆಯಬೇಕು?

ಉತ್ತರ: ಮೊದಲ ದಿನದ ಮಟ್ಟಿಗೆ ನಿಮ್ಮ ಮಾತೇ ನಡೆಯಲಿ, ಆದರೆ ಸುತ್ತಾಟಕ್ಕೆ ಒಂದು ದಾರಿ ಇರಲಿ. ಆ ದಾರಿಯನ್ನು ನೀವು ಹುಡುಕಬೇಕಾಗಿಯೂ ಇಲ್ಲ. ಬೊಹೀಮಿಯಾದ ಅರಸರು ಪಟ್ಟಾಭಿಷೇಕಕ್ಕೆ ಮೆರವಣಿಗೆಯಲ್ಲಿ ಸಾಗುತ್ತಿದ್ದ ರಾಜಮಾರ್ಗವು ಪೌಡರ್ ಟವರ್ ಎಂಬ ಕಪ್ಪುಗಟ್ಟಿದ ಗೋಪುರದ ಬಳಿ ಆರಂಭವಾಗಿ, ಚೆಲೆಟ್ನಾ ಬೀದಿಯ ಮೂಲಕ ಹಳೇಪೇಟೆಯ ಚೌಕಕ್ಕೆ ಬಂದು, ಚಾರ್ಲ್ಸ್ ಸೇತುವೆಯನ್ನು ದಾಟಿ, ನೆರುಡೋವಾ ಬೀದಿಯ ಏರಿನಲ್ಲಿ ಕೋಟೆಯನ್ನು ಮುಟ್ಟುತ್ತದೆ. ನಿಮ್ಮ ಪತಿ ಬಯಸಿದ್ದರಲ್ಲಿ ಮುಕ್ಕಾಲು ಪಾಲು ಈ ಒಂದೇ ದಾರಿಯಲ್ಲಿ ಸಿಗುವುದರಿಂದ ಅವರೂ ಆಕ್ಷೇಪಿಸಲಾರರು.

ಚೌಕದಲ್ಲಿ ಎಲ್ಲರೂ ಹಳೆಯ ಪುರಭವನದ ಖಗೋಳ ಗಡಿಯಾರದ ಎದುರು ಕತ್ತೆತ್ತಿ ನಿಂತಿರುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೊಮ್ಮೆ ಕಿಟಕಿಗಳು ತೆರೆದು ಕ್ರಿಸ್ತನ ಶಿಷ್ಯರ ಬೊಂಬೆಗಳು ಸಾಲಾಗಿ ಹಾದುಹೋಗುತ್ತವೆ, ಪಕ್ಕದಲ್ಲಿ ಅಸ್ಥಿಪಂಜರರೂಪದ ಮೃತ್ಯು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಕೊನೆಗೆ ಚಿನ್ನದ ಬಣ್ಣದ ಹುಂಜ ಕೂಗುತ್ತದೆ. ನೋಡನೋಡುತ್ತಿದ್ದಂತೆ ಎಲ್ಲ ಮುಗಿದಿರುತ್ತದೆ. ನನ್ನ ಮಟ್ಟಿಗೆ, ಜನ ಚದುರಿದ ಬಳಿಕ ಮುಖಫಲಕವನ್ನು ನಿಧಾನವಾಗಿ ನೋಡುವುದೇ ಹೆಚ್ಚು ಲಾಭದಾಯಕ. 1410ರಷ್ಟು ಹಳೆಯದಾದ ಈ ಯಂತ್ರದ ಹೊರವಲಯದಲ್ಲಿ ಗಾಥಿಕ್ ಅಂಕಿಗಳಿರುವ ಒಂದು ಉಂಗುರವಿದ್ದು, ಅದು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಸೂರ್ಯಾಸ್ತದಿಂದ ಎಣಿಸುತ್ತದೆ. ಋತುಮಾನದೊಂದಿಗೆ ಸೂರ್ಯಾಸ್ತ ಹಿಂದೆಮುಂದೆ ಆಗುವುದರಿಂದ ಉಂಗುರವೂ ಹಿಂದೆಮುಂದೆ ಸರಿಯುತ್ತದೆ. ಸೂರ್ಯನು ಯಾವ ರಾಶಿಯಲ್ಲಿದ್ದಾನೆಂಬುದನ್ನೂ ಅದೇ ಫಲಕದಲ್ಲಿ ಓದಬಹುದು. ಪಂಚಾಂಗ ನೋಡಿ ಬಲ್ಲವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿಂದ ಕಣ್ಣನ್ನು ನೆಲಕ್ಕೆ ಇಳಿಸಿ. ಪುರಭವನದ ಬುಡದ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. ಹ್ಯಾಬ್ಸ್‌ಬರ್ಗ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ 27 ಮುಂದಾಳುಗಳನ್ನು 1621ರ ಜೂನ್ 21ರಂದು ಈ ಚೌಕದಲ್ಲಿ ಕೊಲ್ಲಲಾಯಿತು. ಬಹುಪಾಲು ಪ್ರವಾಸಿಗರು ಅವುಗಳ ಮೇಲೆಯೇ ನಿಂತು ಗಡಿಯಾರದ ಚಿತ್ರ ತೆಗೆಯುತ್ತಾರೆ. ಎದುರಿನ ಜೋಡಿ ಶಿಖರಗಳ ಟೀನ್ ಚರ್ಚಿನಲ್ಲಿ ಖಗೋಳಜ್ಞ ಟೈಕೊ ಬ್ರಾಹೆಯ ಸಮಾಧಿಯಿದೆ.

ಚಾರ್ಲ್ಸ್ ಸೇತುವೆಗೆ ಸಂಜೆ ಹೋಗುವುದಕ್ಕಿಂತ ಮರುದಿನ ನಸುಕಿನಲ್ಲಿ ಇನ್ನೊಮ್ಮೆ ಹೋಗುವುದು ಲೇಸು, ಏಕೆಂದರೆ ಹಗಲಿನಲ್ಲಿ ಅಲ್ಲಿ ಜನಜಂಗುಳಿಯೇ ಕಾಣುತ್ತದೆಯೇ ಹೊರತು ಸೇತುವೆ ಕಾಣುವುದಿಲ್ಲ. 1357ರಲ್ಲಿ ನಾಲ್ಕನೆಯ ಚಾರ್ಲ್ಸ್ ಅಡಿಗಲ್ಲಿಟ್ಟ, ಅರ್ಧ ಕಿಲೋಮೀಟರಿಗಿಂತ ತುಸು ಉದ್ದವಾದ ಈ ಸೇತುವೆಯ ಮೇಲೆ 30 ಪ್ರತಿಮೆ ಹಾಗೂ ಪ್ರತಿಮಾಗುಂಪುಗಳಿವೆ. ಅವುಗಳಲ್ಲಿ ಹಲವು ಈಗ ಪ್ರತಿಕೃತಿಗಳು. 1683ರಲ್ಲಿ ನಿಲ್ಲಿಸಿದ ನೆಪೋಮುಕ್‌ನ ಸಂತ ಜಾನ್‌ನ ಕಂಚಿನ ಪ್ರತಿಮೆಯ ಪೀಠವನ್ನು ಗಮನಿಸಿ: ಅವನನ್ನು ವಲ್ಟಾವಾ ನದಿಗೆ ಎಸೆಯುತ್ತಿರುವ ದೃಶ್ಯದ ಉಬ್ಬುಫಲಕವು ಶುಭವಾಗಲೆಂದು ಮುಟ್ಟುವವರ ಕೈಗಳಿಂದ ಉಜ್ಜಿಹೋಗಿ ಹೊಳೆಯುತ್ತದೆ, ಸುತ್ತಲಿನ ಕಂಚು ಕಪ್ಪಾಗಿಯೇ ಉಳಿದಿದೆ.

ಮೊದಲ ದಿನ ಕೋಟೆಯೊಳಗೆ ಹೋಗಬೇಡಿ. ಸುಮಾರು 70,000 ಚದರ ಮೀಟರ್ ಹರಡಿರುವ ಆ ಆವರಣವನ್ನೂ, 1344ರಲ್ಲಿ ಆರಂಭವಾಗಿ 1929ರಲ್ಲಷ್ಟೇ ಪೂರ್ಣಗೊಂಡ ಸಂತ ವಿಟಸ್ ಕೆಥೆಡ್ರಲನ್ನೂ ನಿದ್ದೆಗೆಟ್ಟ ಕಣ್ಣುಗಳಿಂದ ನೋಡುವುದು ಟಿಕೆಟ್ ಹಣಕ್ಕೆ ದಂಡ. ಯಹೂದಿಗಳ ಕೇರಿಯ ಸಿನಗಾಗ್‌ಗಳನ್ನೂ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಆದರೆ ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದ ತಾಣಗಳು ಶನಿವಾರ ಮುಚ್ಚಿರುತ್ತವೆಂಬುದು ನೆನಪಿರಲಿ.

ಪ್ರಶ್ನೆ: ಯೂರೊ ಒಯ್ದರೆ ಸಾಕೇ?

ಉತ್ತರ: ಸಾಲದು. ಚೆಕ್ ದೇಶದ ನಾಣ್ಯ ಕೊರುನಾ. ಯೂರೊ ಸ್ವೀಕರಿಸುವ ಅಂಗಡಿಗಳು ತಮಗೆ ಅನುಕೂಲವಾದ ದರದಲ್ಲೇ ಚಿಲ್ಲರೆ ಕೊಡುತ್ತವೆ. ಕಾರ್ಡ್ ಬಳಸುವಾಗ ಯಂತ್ರವು ಯಾವ ನಾಣ್ಯದಲ್ಲಿ ಹಣ ಕಡಿತ ಮಾಡಲಿ ಎಂದು ಕೇಳಿದರೆ ಕೊರುನಾವನ್ನೇ ಆರಿಸಿ. ಹಣ ಬದಲಿಸುವ ಅಂಗಡಿಯಲ್ಲಿ ಮೋಸಹೋದಿರೆಂದು ಅನಿಸಿದರೆ ಮೂರು ಗಂಟೆಯೊಳಗೆ ರಸೀದಿಯೊಂದಿಗೆ ಹಿಂದಿರುಗಿ ವಹಿವಾಟನ್ನು ರದ್ದುಪಡಿಸುವ ಹಕ್ಕನ್ನು 2019ರಿಂದ ಅಲ್ಲಿನ ಕಾನೂನು ಕೊಟ್ಟಿದೆ. 1,000 ಯೂರೊ ಮೌಲ್ಯದವರೆಗೆ ಇದು ಅನ್ವಯಿಸುತ್ತದೆ.

ಪ್ರಶ್ನೆ: ನನಗೆ ಮಂಡಿನೋವಿದೆ. ನೆರುಡೋವಾ ಬೀದಿಯ ಏರು ಕಷ್ಟವಾದೀತೇ?

ಉತ್ತರ: ಕಷ್ಟವೇ. ನುಣುಪಾದ ಕಲ್ಲುಹಾಸು ಬೇರೆ. ಸೇತುವೆ ದಾಟಿ ಮಾಲಾ ಸ್ಟ್ರಾನಾ ಚೌಕದಲ್ಲಿ ಅಂದಿನ ನಡಿಗೆಯನ್ನು ಮುಗಿಸಿಬಿಡಿ. ಮರುದಿನ ಅದೇ ಚೌಕದಿಂದ 22ನೇ ಸಂಖ್ಯೆಯ ಟ್ರ್ಯಾಮ್ ಹತ್ತಿ ‘ಪ್ರಾಜ್‌ಸ್ಕಿ ಹ್ರಾಡ್’ ನಿಲ್ದಾಣದಲ್ಲಿ ಇಳಿದರೆ ಕೋಟೆಯ ಉತ್ತರದ ಬಾಗಿಲಿಗೆ ಹೆಚ್ಚುಕಡಿಮೆ ಸಮತಟ್ಟಾದ ದಾರಿಯಿದೆ. ಕೋಟೆ ನೋಡಿದ ಮೇಲೆ ನೆರುಡೋವಾದಲ್ಲಿ ಮೆಲ್ಲಗೆ ಇಳಿದು ಬನ್ನಿ. 1770ರಲ್ಲಿ ಮನೆಗಳಿಗೆ ಸಂಖ್ಯೆ ಬರುವ ಮೊದಲು ವಿಳಾಸವಾಗಿದ್ದ ಕೆತ್ತನೆಯ ಗುರುತುಗಳು, ಒಂದರ ಮೇಲೆ ಮೂರು ಪಿಟೀಲು, ಇನ್ನೊಂದರ ಮೇಲೆ ಎರಡು ಸೂರ್ಯ, ಬಾಗಿಲುಗಳ ನೆತ್ತಿಯಲ್ಲಿ ಇಂದಿಗೂ ಇವೆ. ಇಳಿಯುವಾಗ ಗೋಡೆಯ ಬದಿ ಹಿಡಿಯಿರಿ, ತೆಳುವಾದ ಅಟ್ಟೆಯ ಚಪ್ಪಲಿ ಬೇಡ.