ಅಜ್ಜಿಯ ಮಾತಿನಿಂದ ಶುರು ಮಾಡಿ

ತಂಗೀ,

ಕುಷ್ಟಗಿ ಕಡೆಯಿಂದ ನೀವು ಕಳಿಸಿದ ಲೇಖನ ಮೊನ್ನೆ ರಾಯಚೂರಿಗೆ ಬಂದು ಮುಟ್ಟಿತು. ಶೀರ್ಷಿಕೆ ‘ಮೃದು ಉಣ್ಣೆಯ ಮಹಾ ಅಪಾಯ’. ನಿಜ ಹೇಳಲಾ? ಕಂಬಳಿ ಬಗ್ಗೆ ಬರೆದಿದ್ದೀರಿ ಅಂದುಕೊಂಡೆ. ಕುರಿ ಕಾಯುವ ಸೀಮೆಯಲ್ಲಿ ಮೃದು ಉಣ್ಣೆ ಅಂದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅದರಲ್ಲಿ ಅಪಾಯ ಏನಪ್ಪಾ ಅಂತ ತಲೆ ಕೆರೆದುಕೊಳ್ಳುತ್ತಾರೆ. ರಕ್ತ ಹೀರುವ ಈ ಪುಟ್ಟ ಪ್ರಾಣಿಗೆ ಉಣುಗು ಅನ್ನಿ. ‘ಮೆತ್ತನೆ ಉಣುಗು’ ಅಂದರೆ ಗೊಂದಲ ಇಲ್ಲ.

ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗುವ ಮನಸ್ಸೂ ಇಲ್ಲ. ಯಾಕೆ ಅಂದರೆ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ರಾತ್ರಿ ಅಜ್ಜಿಯ ಕೋಳಿಗೂಡಿಗೆ ಮೊಬೈಲ್ ಟಾರ್ಚ್ ಹಿಡಿದಾಗ ಕಟ್ಟಿಗೆ ಸಂದಿನಿಂದ ಅಗಸೆ ಬೀಜದಂಥವು ಹರಿದು ಬಂದದ್ದು, ಬೆಳಗ್ಗೆ ನೋಡಿದರೆ ಕೋಳಿ ಮೈಮೇಲೆ ಒಂದೂ ಇಲ್ಲದ್ದು, ಅಜ್ಜಿ ‘ಅವು ಕೋಳೀವಲ್ಲವ್ವಾ, ಗ್ವಾಡೀವು’ ಅಂದದ್ದು. ಇಷ್ಟು ಒಳ್ಳೇ ಮಾತನ್ನು ಐದು ಪುಟ ದಾಟುವ ತನಕ ಯಾಕೆ ಮುಚ್ಚಿಟ್ಟಿರಿ? ಅಜ್ಜಿ ಹೇಳಿದ್ದೇ ನಿಮ್ಮ ಇಡೀ ಲೇಖನ.

ನೀವು ಶುರು ಮಾಡಿರುವುದು ಗಾದೆಯಿಂದ. ಕೆಚ್ಚಲಲ್ಲೇ ಇದ್ದರೂ ಉಣ್ಣೆಗೆ ಹಾಲಿನ ರುಚಿ ಗೊತ್ತಿಲ್ಲ ಅಂತ. ಗಾದೆ ಚಂದ, ಆದರೆ ಅದರಲ್ಲಿರುವುದು ಬೇರೆ ಉಣುಗು. ದನದ ಕೆಚ್ಚಲಿಗೆ ದಿನಗಟ್ಟಲೆ ಕಚ್ಚಿಕೊಂಡು ಊದುತ್ತದಲ್ಲ, ಅದು ಗಟ್ಟಿ ಉಣುಗು, ಬೆನ್ನ ಮೇಲೆ ಚಿಪ್ಪಿನಂಥ ತಟ್ಟೆ ಇರುತ್ತದೆ. ನಿಮ್ಮದಕ್ಕೆ ಆ ತಟ್ಟೆ ಇಲ್ಲ, ಮೈಯೆಲ್ಲ ಸುಕ್ಕು ಚರ್ಮ, ಬಾಯಿ ಹೊಟ್ಟೆ ಕಡೆಗೆ ಇರುವುದರಿಂದ ಮೇಲಿನಿಂದ ನೋಡಿದರೆ ತಲೆಯೇ ಇಲ್ಲದ ಪ್ರಾಣಿ ಥರ ಕಾಣುತ್ತದೆ. ಹಗಲೆಲ್ಲ ಬಿರುಕಿನಲ್ಲಿ ಮಲಗಿ, ರಾತ್ರಿ ಬಂದು, ಅರ್ಧ ಮುಕ್ಕಾಲು ಗಂಟೆಯಲ್ಲಿ ಕುಡಿದು, ವಾಪಸ್ ಬಿರುಕಿಗೆ. ಮರಿಗಳು ಮಾತ್ರ ಬೇರೆ. ಆರು ಕಾಲಿನ ಆ ಮರಿಗಳು ಕೋಳಿಯ ರೆಕ್ಕೆ ಕೆಳಗೆ ಕೆಲವು ದಿನ ಅಂಟಿಕೊಂಡೇ ಇರುತ್ತವೆ. ಮುಂದೆ ಎಂಟು ಕಾಲು ಬರುತ್ತವೆ. ಅಂದಹಾಗೆ ನೀವು ಮೂರು ಕಡೆ ‘ಕೀಟ’ ಅಂದಿದ್ದೀರಿ. ಅಲ್ಲ, ಅದು ಜೇಡ, ಚೇಳಿನ ಬಳಗ.

ಮಂಗನ ಕಾಯಿಲೆಯ ಎರಡು ಪುಟ ಪೂರ್ತಿ ತೆಗೆಯಿರಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಆ ರೋಗ ಹರಡುವುದು ಗಟ್ಟಿ ಉಣುಗಿನಿಂದ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಓದುವವರು ಕೋಳಿಗೂಡು ನೋಡಿ ಹೆದರುತ್ತಾರೆ, ಸುಮ್ನೆ.

ಉಳಿದ ಜಾಗ ಮರುಕಳಿಸುವ ಜ್ವರಕ್ಕೆ ಕೊಡಿ. ಅದಕ್ಕೆ ನೀವು ಕೊಟ್ಟಿರುವುದು ಒಂದೂವರೆ ಸಾಲು! 1905ರಲ್ಲಿ ಕಾಂಗೋದಲ್ಲಿ ಡಟ್ಟನ್ ಮತ್ತು ಟಾಡ್ ಅನ್ನುವ ಇಬ್ಬರು ವೈದ್ಯರು ಈ ಜ್ವರ ಮೆತ್ತನೆ ಉಣುಗಿನಿಂದ ಬರುತ್ತದೆ ಅಂತ ತೋರಿಸಿದರು. ಇಬ್ಬರಿಗೂ ಅದೇ ಜ್ವರ ಬಂತು, ಡಟ್ಟನ್ ಅಲ್ಲೇ ತೀರಿಕೊಂಡರು, ಆ ಬ್ಯಾಕ್ಟೀರಿಯಾಕ್ಕೆ ಈಗ ಅವರದೇ ಹೆಸರು, ಬೊರೆಲಿಯಾ ಡಟ್ಟೋನಿ. ಅದೇ ಹೊತ್ತಿಗೆ ಪೂರ್ವ ಆಫ್ರಿಕಾದಲ್ಲಿದ್ದ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ ಉಣುಗಿನ ಮೊಟ್ಟೆಯಲ್ಲೂ ಅದನ್ನು ಕಂಡರು. ಅಂದರೆ ತಾಯಿಯಿಂದ ಮರಿಗೆ ಹೋಗುತ್ತದೆ. ಮನೆಯವರು ವಾಸಿಯಾದರೂ, ಊರು ಬಿಟ್ಟರೂ, ರೋಗ ಮಣ್ಣಿನ ನೆಲದ ಬಿರುಕಲ್ಲೇ ಕೂತಿರುತ್ತದೆ. ಮತ್ತೆ ಅಜ್ಜಿಯ ಮಾತಿಗೇ ಬಂದೆವು, ಅಲ್ವಾ?

ಅವಸರದ ಊಟದ ಬಗ್ಗೆ ಇನ್ನೊಂದು ಇದೆ. ಗಟ್ಟಿ ಉಣುಗು ಲೈಮ್ ರೋಗ (ಅದೂ ಬ್ಯಾಕ್ಟೀರಿಯಾದಿಂದ ಬರುವುದೇ) ದಾಟಿಸಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿರಬೇಕು. ಮೆತ್ತನೆಯದಕ್ಕೆ ಅಷ್ಟು ಪುರಸೊತ್ತಿಲ್ಲ. ಅದಕ್ಕೇ ಬ್ಯಾಕ್ಟೀರಿಯಾ ಮೊದಲೇ ಜೊಲ್ಲಿನ ಗ್ರಂಥಿಗೆ ಬಂದು ಕಾದಿರುತ್ತದೆ, ಕೆಲವು ಜಾತಿಗಳಲ್ಲಿ ಕಚ್ಚಿದ ಒಂದು ನಿಮಿಷದೊಳಗೇ ಮೈ ಸೇರುತ್ತದೆ. ಕಾಂಗೋದ ಆ ಜಾತಿಯಲ್ಲಿ ಇನ್ನೊಂದು ದಾರಿಯೂ ಉಂಟು. ಕುಡಿದ ರಕ್ತದಲ್ಲಿ ಹೆಚ್ಚಾದ ನೀರನ್ನು ಅದು ಕಾಲಿನ ಬುಡದಿಂದ ಹೊರಗೆ ಬಿಡುತ್ತದೆ, ಆ ತೇವ ಗಾಯಕ್ಕೆ ತಾಗಿದರೂ ಸಾಕು. ಆಮೇಲೆ ಜ್ವರ ಬಂದು ಬಿಟ್ಟು ಮತ್ತೆ ಬರುವುದು ಯಾಕೆ? ನಮ್ಮ ಮೈ ಗುರುತು ಹಿಡಿದು ಹೊಡೆಯುವಷ್ಟರಲ್ಲಿ ಕೆಲವು ಬ್ಯಾಕ್ಟೀರಿಯಾ ಅಂಗಿ ಬದಲಿಸಿಬಿಟ್ಟಿರುತ್ತವೆ, ಅಂದರೆ ಮೇಲಿನ ಪ್ರೋಟೀನ್ ಬದಲಾಗಿರುತ್ತದೆ. ಇದನ್ನು ನಿಧಾನಕ್ಕೆ ಬರೆಯಿರಿ. ಓದುವವರು ಇಲ್ಲಿ ನಿಲ್ಲುತ್ತಾರೆ.

ಮೆತ್ತನೆ ಉಣುಗು ಹಂದಿಗಳಿಗೆ ದಾಟಿಸುವ ಆಫ್ರಿಕನ್ ಹಂದಿ ಜ್ವರದ ಭಾಗ ಸರಿ ಇದೆ, ಆದರೆ ಎರಡು ಸಾಲು ಸಾಕು.

ಈಗ ನಿಮ್ಮ ದೊಡ್ಡ ತಪ್ಪು. ಹೋದ ವರ್ಷ ಅಜ್ಜಿಯ ಆರು ಜವಾರಿ ಕೋಳಿ ತೂಕಡಿಸಿ, ಹಸಿರು ಹಿಕ್ಕೆ ಹಾಕಿ ಸತ್ತವು, ಉಣುಗೇ ಕೊಂದಿತು ಅಂತ ತೀರ್ಪು ಬರೆದಿದ್ದೀರಿ. ಇರಬಹುದು. ಕೋಳಿ ಉಣುಗು ಬೊರೆಲಿಯಾ ಅನ್ಸೆರಿನಾ ಅನ್ನುವ ಬ್ಯಾಕ್ಟೀರಿಯಾ ದಾಟಿಸುತ್ತದೆ, ಲಕ್ಷಣ ಹೀಗೇ ಇರುತ್ತದೆ. ಆದರೆ ಕೋಳಿಗೆ ಬರುವ ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಹಿಕ್ಕೆ ಹಸಿರೇ. ರಕ್ತ ಪರೀಕ್ಷೆ ಮಾಡಿಸಿದ್ದಿರಾ? ಇಲ್ಲ ತಾನೆ. ಹಾಗಾದರೆ ‘ಅನುಮಾನ’ ಅಂತ ಬರೆಯಿರಿ, ಪಶು ಆಸ್ಪತ್ರೆಯ ಡಾಕ್ಟರನ್ನು ಒಮ್ಮೆ ಮಾತಾಡಿಸಿ. ನಾನೂ ಬರೆಯಲು ಶುರು ಮಾಡಿದ ಹೊಸತರಲ್ಲಿ ಒಂದು ಹೊಲದ ಬೆಳೆ ಒಣಗಿದ್ದಕ್ಕೆ ಬೀಜವೇ ಕಾರಣ ಅಂತ ಅಚ್ಚು ಹಾಕಿಸಿ, ಮರುವಾರ ಕ್ಷಮೆ ಕೇಳಿದವನು. ಬೇರು ಕಿತ್ತು ನೋಡಿದ್ದರೆ ಗೆದ್ದಲು ಕಾಣುತ್ತಿತ್ತು.

ಕೋಳಿಗೆ ಔಷಧಿ ಹಾಕಿದರೂ ಉಣುಗು ಹೋಗಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಹೇಗೆ ಹೋಗುತ್ತದೆ? ಮರಿಗಳನ್ನು ಬಿಟ್ಟರೆ ಅದು ಕೋಳಿ ಮೇಲೆ ವಾಸ ಇರುವುದೇ ಇಲ್ಲವಲ್ಲ! ಮೊಟ್ಟೆ ಬಿರುಕಿನಲ್ಲಿ, ಸಂಸಾರ ಬಿರುಕಿನಲ್ಲಿ. ಗೂಡು ಖಾಲಿ ಬಿಟ್ಟರೆ ಹಸಿವಿಂದ ಸಾಯುತ್ತವೆ ಅನ್ನುವುದೂ ನಡೆಯುವುದಿಲ್ಲ. ಆಫ್ರಿಕಾದ ಆರ್ಗಸ್ ಬ್ರಂಪ್ಟಿ ಅನ್ನುವ ಇದರ ದಾಯಾದಿಯನ್ನು ಅಮೆರಿಕದ ವಿಜ್ಞಾನಿ ಜೂಲಿಯನ್ ಶೆಫರ್ಡ್ 1976ರಿಂದ ಸಾಕಿದರು. 27 ವರ್ಷ ಬದುಕಿದವು, ಅದರಲ್ಲಿ 8 ವರ್ಷ ಹನಿ ರಕ್ತ ಇಲ್ಲದೆ. ಬಿರುಕು ಮೆತ್ತಬೇಕು, ಹಳೇ ಕಟ್ಟಿಗೆ ಸುಡಬೇಕು, ಗೂಡಿಗೇ ಔಷಧಿ ಹೊಡೆಯಬೇಕು. ಯಾವ ಔಷಧಿ, ಎಷ್ಟು ಅನ್ನುವುದನ್ನು ಆ ಡಾಕ್ಟರ ಬಾಯಿಂದಲೇ ಹೇಳಿಸಿ.

ಏಳುನೂರು ಪದ ಸಾಕು, ಮುಂದಿನ ಅಮಾವಾಸ್ಯೆಯೊಳಗೆ ಕಳಿಸಿ. ಗೂಡಿನ ಫೋಟೊ ನೀವೇ ತೆಗೆಯಿರಿ. ಇಂಟರ್‌ನೆಟ್ಟಿನಿಂದ ಇಳಿಸಿದ ಆ ಕೆಂಪು ಕಣ್ಣು ಬಿಟ್ಟ ಉಣುಗಿನ ಚಿತ್ರ ಬೇಡ. ಕೋಳಿ ಉಣುಗಿಗೆ ಕಣ್ಣೇ ಇಲ್ಲ.