ಹಳೆಯ ಮನೆಯ ಬಚ್ಚಲಿಗೆ ವೀಲ್‌ಚೇರ್ ಸಲೀಸಾಗಿ ಹೋಗುವಂತೆ ನೆಲ ಮಾಡಿಸಬಹುದೇ?

ವೀಲ್‌ಚೇರ್ ಬಳಸುವ ನಿಮ್ಮ ತಾಯಿಯವರಿಗಾಗಿ ಹಳೆಯ ಮನೆಯಲ್ಲಿ ಹೊಸ್ತಿಲು, ಕಟ್ಟೆ ಅಡ್ಡ ಬರದ ಸ್ನಾನದ ಜಾಗ ಮಾಡಿಸಬಹುದೇ, ನೀರು ನಡುಮನೆಗೆ ಹರಿದೀತೇ ಎಂದು ಕೇಳಿದ್ದೀರಿ. ಖಂಡಿತ ಮಾಡಿಸಬಹುದು. ತಂದೆಯವರಿಗೆ ಪಾರ್ಶ್ವವಾಯು ಆದ ಮೇಲೆ ಶಿವಮೊಗ್ಗದ ನಮ್ಮ ಹೆಂಚಿನ ಮನೆಯಲ್ಲಿ ಇದನ್ನೇ ಮಾಡಿಸಿದೆವು. ಆದರೆ ಮೊದಲ ಸಲ ಮಾಡಿಸಿದ್ದನ್ನು ಒಡೆಸಬೇಕಾಯಿತು. ಆ ತಪ್ಪು ನಿಮಗೆ ಆಗಬಾರದು.

ನಮ್ಮ ಬಚ್ಚಲು ನಡುಮನೆಗಿಂತ 4 ಅಂಗುಲ ತಗ್ಗಿನಲ್ಲಿತ್ತು. ಮೊದಲು ಬಂದ ಮೇಸ್ತ್ರಿ ಹೊಸ್ತಿಲು ತೆಗೆದು, ಬಾಗಿಲಲ್ಲಿ ಒಂದೂವರೆ ಅಡಿ ಉದ್ದದ ಸಿಮೆಂಟ್ ಇಳಿಜಾರು ಹಾಕಿಕೊಟ್ಟರು. ವೀಲ್‌ಚೇರ್ ಇಳಿಜಾರಿಗೆ ಹೇಳುವ 12ಕ್ಕೆ 1ರ ಲೆಕ್ಕದಲ್ಲಿ, ಅಂದರೆ 1 ಅಂಗುಲ ತಗ್ಗಿಗೆ 12 ಅಂಗುಲ ಉದ್ದದಂತೆ, ಅಷ್ಟು ತಗ್ಗಿಗೆ 4 ಅಡಿ ಉದ್ದವಾದರೂ ಬೇಕು. ನೆಲ ಒದ್ದೆಯಾದಾಗ ಗಾಲಿ ಜಾರುತ್ತಿತ್ತು, ತಂದೆಯವರು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಎರಡನೆಯ ಸಲ ಬಚ್ಚಲಿನ ನೆಲವನ್ನೇ ನಡುಮನೆಯ ಮಟ್ಟಕ್ಕೆ ಎತ್ತರಿಸಿ, ಬಾಗಿಲಿನಿಂದ ಎದುರು ಗೋಡೆಯ ಕಡೆಗೆ 80ಕ್ಕೆ 1ರಂತೆ, ಅಂದರೆ 7 ಅಡಿಗೆ ಸುಮಾರು 1 ಅಂಗುಲ ವಾಟ (ನೀರು ಹರಿಯುವ ಇಳಿಜಾರು) ಕೊಟ್ಟು, ಆ ಗೋಡೆಯ ಉದ್ದಕ್ಕೂ ಜಾಲರಿ ಹಾಕಿದ ಕಿರಿದಾದ ಮೋರಿ ಕೂರಿಸಿದೆವು. ನಡುವೆ ಒಂದೇ ತೂತು ಇಟ್ಟರೆ ನಾಲ್ಕೂ ಕಡೆಯಿಂದ ವಾಟ ಕೊಡಬೇಕಾಗುತ್ತದೆ, ಕುರ್ಚಿ ಪಕ್ಕಕ್ಕೆ ವಾಲುತ್ತದೆ. ಒಂದೇ ದಿಕ್ಕಿನ ವಾಟದಲ್ಲಿ ಆ ತೊಂದರೆಯಿಲ್ಲ. ಹಳೆಯ ನಹಾನಿ ಟ್ರ್ಯಾಪ್ (ಬಚ್ಚಲಿನ ನೀರು ಹೋಗುವ ತೂತಿನ ಕೆಳಗೆ ನೀರು ನಿಂತು ವಾಸನೆ ತಡೆಯುವ ಬಟ್ಟಲು) ಅನ್ನು ಕೆಳಗೆ ಹಾಗೆಯೇ ಹುಗಿದುಬಿಡಬೇಡಿ. ಅದನ್ನು ತೆಗೆಸಿ, 2 ಅಂಗುಲ ನೀರು ನಿಲ್ಲುವ ಹೊಸ ಟ್ರ್ಯಾಪ್ ಹಾಕಿಸಿದರೆ ವಾಸನೆ ಬರುವುದಿಲ್ಲ. ನಿಮ್ಮ ಬಚ್ಚಲು ಮರದ ತೊಲೆಗಳ ಮೇಲಿನ ಮಹಡಿಯಲ್ಲಿದ್ದರೆ ಮಾತ್ರ ಇಂಜಿನಿಯರ್ ನೋಡದೆ ನೆಲ ಎತ್ತರಿಸಬಾರದು, ಏಕೆಂದರೆ 4 ಅಂಗುಲ ಕಾಂಕ್ರೀಟ್ ಚದರಡಿಗೆ 20 ಕಿಲೋಗಿಂತ ಹೆಚ್ಚು ತೂಗುತ್ತದೆ.

ಟೈಲ್ಸ್ ಒರಟಾಗಿರಲಿ. ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಬಾಗಿಲಿನ ಅಡಿಗೂ ಹೋಗಬೇಕು, ಗೋಡೆಗಳ ಮೇಲೂ ಏರಬೇಕು. ಟೈಲ್ಸ್ ಕೂರಿಸುವ ಮೊದಲು ಬಾಗಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ, 24 ಗಂಟೆಯಾದರೂ ನೀರು ನಿಲ್ಲಿಸಿ ನೋಡಲೇಬೇಕು. ಕೆಲಸದವರು ಅವಸರ ಮಾಡಿದರೂ ಇದನ್ನು ಬಿಡಬೇಡಿ.

ಹಿಡಿಕೆ ಸರಳುಗಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಕಳವಳ. ಹಳೆಯ ಮನೆಗಳ ಮಣ್ಣಿನ ಗಾರೆಯ ಗೋಡೆಯಲ್ಲಿ ಸ್ಕ್ರೂ ಕೂರಿಸುವ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಮೈಭಾರ ಬಿದ್ದ ದಿನ ಕಿತ್ತು ಬರುತ್ತದೆ. ನಾವು ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು, ಆರಪಾರು ಬೋಲ್ಟ್ ಹಾಕಿಸಿದೆವು.

ಬಾಗಿಲು ಹೊರಕ್ಕೆ ತೆರೆಯಲಿ, ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ನೀವು ಹೋಗಬಹುದು. ಕೊನೆಯದಾಗಿ, ಮೇಸ್ತ್ರಿಗೆ ಪೂರ್ತಿ ಹಣ ಕೊಡುವ ಮೊದಲು ಬಾಗಿಲ ಬಳಿ ಒಂದು ಚೊಂಬು ನೀರು ಸುರಿಯಿರಿ. ಅದು ಎಲ್ಲಿಯೂ ನಿಲ್ಲದೆ, ಹಿಂದಕ್ಕೆ ಬಾರದೆ ನೇರವಾಗಿ ಜಾಲರಿಗೆ ಸೇರಬೇಕು.